ಜೀವನಾಂಶಕ್ಕೆ ರಸೀದಿ ಇಲ್ಲ

"ಇವರಿಂದ ನನಗೆ ಒಂದು ಕಾಸೂ ಬಂದಿಲ್ಲ ಸ್ವಾಮಿ!"

ಪ್ರೇಮಲೀಲಾ ಹೇಳಿಬಿಟ್ಟಳು. ಹೇಳುವಾಗ ಷಡಕ್ಷರಿಯ ಮುಖ ನೋಡಲಿಲ್ಲ. ನೋಡಿದ್ದರೆ ದನಿ ಇಷ್ಟು ಗಟ್ಟಿಯಾಗಿ ಏಳುತ್ತಿರಲಿಲ್ಲವೇನೋ...

೧೯೬೨ರ ಬೇಸಿಗೆ. ವಿಚ್ಛೇದನವಾಗಿ ಮೂರು ವರ್ಷವಾದ ಮೇಲೆ ಗಂಡ ಹೆಂಡತಿ, ಅಲ್ಲಲ್ಲ, ಹಿಂದೊಮ್ಮೆ ಗಂಡ ಹೆಂಡತಿಯಾಗಿದ್ದವರು ಎದುರಾದದ್ದು ಮೈಸೂರಿನ ಆದಾಯ ತೆರಿಗೆ ಕಚೇರಿಯಲ್ಲಿ. ಎಂಥ ಹಣೆಬರಹ ನೋಡಿ!

ಷಡಕ್ಷರಿ ಊದುಬತ್ತಿ ವ್ಯಾಪಾರಿ. ಕೋರ್ಟು ಹೇಳಿದ ಜೀವನಾಂಶ ಕೊಟ್ಟಿದ್ದೇನೆಂದು ವರ್ಷವರ್ಷವೂ ಅಷ್ಟನ್ನು ಆದಾಯದಲ್ಲಿ ಕಳೆದು ತೋರಿಸಿದ್ದ. ರಸೀದಿ ಎಲ್ಲಿ ಎಂದು ಅಧಿಕಾರಿ ರಾಮಯ್ಯನವರು ಕೇಳಿದರೆ ಒಂದೂ ಇರಲಿಲ್ಲ. ಅದಕ್ಕೇ ಅವಳನ್ನು ಸಾಕ್ಷಿಗೆ ಕರೆಸಿದ್ದರು.

"ಕೇಳಿದ್ರಲ್ಲ?" ರಾಮಯ್ಯನವರು ಷಡಕ್ಷರಿಯ ಕಡೆ ತಿರುಗಿದರು. "ಜೀವನಾಂಶ ನಿಮ್ಮ ಸ್ವಂತ ಖರ್ಚು, ಅದಕ್ಕೆ ವಿನಾಯ್ತಿ ಹೇಗೂ ಇಲ್ಲ. ಈಗ ನೋಡಿದ್ರೆ ಕೊಟ್ಟೇ ಇಲ್ಲ! ಸುಳ್ಳು ಲೆಕ್ಕಕ್ಕೆ ದಂಡ ಬೀಳುತ್ತೆ. ಕಟ್ಟದಿದ್ರೆ ಅಂಗಡಿ ಜಪ್ತಿ. ಏನಾದ್ರೂ ಹೇಳೋದಿದ್ಯಾ?"

ಪ್ರೇಮಲೀಲಾಳ ಜೊತೆ ಬಂದಿದ್ದ ಅವಳ ಅಣ್ಣ ನಂಜುಂಡಸ್ವಾಮಿ ಬಾಗಿಲ ಬಳಿ ಬೆವರುತ್ತ ನಿಂತಿದ್ದ. ಷಡಕ್ಷರಿ ಅವನನ್ನು ನೋಡಿ, ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದ.

"ಇಲ್ಲ ಸ್ವಾಮಿ," ಎಂದ.

ಅವಳಿಗೆ ತೃಪ್ತಿಯಾಗಬೇಕಿತ್ತು. ಯಾಕೆ ಆಗಲಿಲ್ಲ?

ನಾಯಿಕೆಮ್ಮಿನಿಂದ ಮಗು ಅವಳ ಮಡಿಲಲ್ಲೇ ಕಣ್ಣು ಮುಚ್ಚಿದಾಗ ಈ ಮನುಷ್ಯ ಸರಕು ಮಾರಲು ಮದರಾಸಿಗೆ ಹೋಗಿದ್ದ. ಅವತ್ತೇ ಅವಳ ಮನಸ್ಸು ಮುರಿದುಹೋಯಿತು. 'ಅವರ ಕಾಸು ಮುಟ್ಟಿದರೆ ನನ್ನ ಕೈ ಸುಟ್ಟುಹೋಗಲಿ' ಎಂದು ತವರಿನವರ ಮುಂದೆ ಆಣೆ ಇಟ್ಟು, ಮೇಷ್ಟ್ರ ಕೆಲಸ ಹಿಡಿದು, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಳಿದಿದ್ದಳು.

ಷಡಕ್ಷರಿ ಒಳಗೇ ಉಳಿದ. ಅವಳ ಜೊತೆ ಹೊರಗೆ ಬರುತ್ತಿದ್ದಂತೆ ನಂಜುಂಡಸ್ವಾಮಿ ಮೆಟ್ಟಿಲ ಮೇಲೆ ಕುಸಿದು ಕುಳಿತ.

"ಲೀಲಾ... ಪಾಪದ ಕೆಲಸ ಆಗೋಯ್ತು ಕಣಮ್ಮ."

"ಏನಣ್ಣ?"

"ಅರಿಶಿನ-ಕುಂಕುಮಕ್ಕೆ ಅಂತ ತಿಂಗಳಾ ತಿಂಗಳಾ ಕೊಡ್ತಿದ್ನಲ್ಲ, ಅದು ನಂದಲ್ಲ. ಭಾವಂದು!"

ತವರಿನ ಅರಿಶಿನ-ಕುಂಕುಮದ ಕಾಸನ್ನು ಯಾವ ಹೆಣ್ಣೂ ಬೇಡ ಅನ್ನುವುದಿಲ್ಲ. ಬೇಡ ಅಂದರೆ ಅಣ್ಣನನ್ನೇ ಬೇಡ ಅಂದ ಹಾಗೆ. ಷಡಕ್ಷರಿಗೆ ಅದು ಗೊತ್ತಿತ್ತು!

"ನನ್ನ ಹೆಸರು ಎತ್ತಬೇಡಿ ಅಂದಿದ್ರು. ಇನ್ನು ಅವರ ಹತ್ರ ರಸೀದಿ ಎಲ್ಲಿಂದ ಬರ್ಬೇಕು?"

"ಈಗಲಾದ್ರೂ ಬಾಯಿ ಬಿಡಬಾರದಿತ್ತಾ ಅಣ್ಣ!"

"ನೀನು ಒಪ್ಕೊಂಡ್ರೆ ಸಂಬಳದ ಜೊತೆ ಸೇರಿಸಿ ನಿನ್ನ ಮೇಲೂ ತೆರಿಗೆ ಹಾಕ್ತಾರಂತೆ. ಅದಕ್ಕೇ ಭಾವ ಬೇಡ ಅಂದ್ಬುಟ್ರು."

ಅವಳು ಮುಂದೆ ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಿದಳು.

"ಸ್ವಾಮಿ, ನಾನು ತಪ್ಪು ಹೇಳಿದೆ. ಗೊತ್ತಿರ್ಲಿಲ್ಲ. ಇವರ ದುಡ್ಡು ಬಂದಿದೆ, ನಮ್ಮಣ್ಣನ ಕೈಯಿಂದ ಬಂದಿದೆ!"

"ಯೋಚನೆ ಮಾಡಿ ಹೇಳಮ್ಮ. ಇವರ ದಂಡ ತಪ್ಪಬಹುದು, ತೆರಿಗೆ ತಪ್ಪಲ್ಲ. ಬಾಕಿ ನಿಮ್ಮ ತಲೆ ಮೇಲೂ ಬರುತ್ತೆ."

"ಬರ್ಲಿ. ಬರ್ಕೊಳ್ಳಿ."

"ಲೀಲಾ, ಬೇಡ..." ಷಡಕ್ಷರಿ ಎದ್ದು ನಿಂತ.

"ನೀವು ಸುಮ್ನಿರಿ! ಅದೊಂದು ಚೆನ್ನಾಗಿ ಬರುತ್ತಲ್ಲ ನಿಮಗೆ!"

ನಂಜುಂಡಸ್ವಾಮಿಯೂ ಹೇಳಿಕೆ ಕೊಟ್ಟ. ಅಂಗಡಿ ಉಳಿಯಿತು. ಆದರೆ ತೆರಿಗೆ ಕಟ್ಟಲು ಷಡಕ್ಷರಿ ಸಾಲ ಮಾಡಬೇಕು, ಅವಳು ಕೈಯ ಬಳೆ ಮಾರಬೇಕು. ಮುಂದಿನ ದಿನಗಳು ಕಷ್ಟದವೇ.

ಕಚೇರಿಯ ಹೊರಗೆ, ಬಿಸಿಲಲ್ಲಿ, ಅವಳು ಅವತ್ತು ಮೊದಲ ಸಲ ಅವನ ಮುಖ ನೋಡಿದಳು. ಎಷ್ಟು ಸೊರಗಿದ್ದಾರೆ!

"ಸುಳ್ಳುಗಾರ ಅನ್ನಿಸಿಕೊಂಡು ನಿಂತಿದ್ರಲ್ಲ, ಯಾಕ್ರೀ?"

"ಮಗು ಹೋಗೋವಾಗ ನಾನಿರ್ಲಿಲ್ಲ. ನೀನು ಏನಂದ್ರೂ ನನಗೆ ಸರಿಯೇ ಅನ್ನಿಸ್ತಿತ್ತು."

ಅವಳ ಕಣ್ಣು ತುಂಬಿ ಬಂತು. "ಬೈಕೊಂಡೇ ಇಷ್ಟು ದಿನ ಕಳೆದೆ... ಆದ್ರೂ ನಿಮ್ಮ ಮೇಲಿನ ಆಸೆ ಹೋಗ್ಲೇ ಇಲ್ಲ."

ಅವನು ತಗ್ಗಿದ ದನಿಯಲ್ಲಿ ಹೇಳಿದ:

"ಒಂಟಿಕೊಪ್ಪಲಿನ ನಮ್ಮನೇಲಿ ಮಗು ತೊಟ್ಟಿಲು ಹಂಗೇ ತೂಗುಹಾಕಿದೆ ಲೀಲಾ. ಇಳಿಸೋಕೆ ನನ್ನ ಕೈಲಿ ಆಗ್ಲಿಲ್ಲ."

"ಒಬ್ರೇ ಇಳಿಸ್ಬೇಡಿ," ಅವಳು ಅವನ ಕೈ ಹಿಡಿದಳು. "ನಾನೂ ಬರ್ತೀನಿ."