ದುಭಾಷಿಯ ಮನೆಯ ಲೋಟ

೧೯೭೩ರ ಮಾರ್ಚ್ ೧೬, ಶುಕ್ರವಾರ. ಬೆಳಿಗ್ಗೆ ಎಂಟು ಹತ್ತಕ್ಕೆ ಡೆಟ್ರಾಯಿಟ್ ನದಿದಂಡೆಯ ಠಾಣೆಗೆ ಗಡಿ ಕಚೇರಿಯಿಂದ ದೂರು ಬಂತು. ಮೋಟೆಲಿನಲ್ಲಿ ಕಾವಲಿನಲ್ಲಿಟ್ಟಿದ್ದ ಪ್ರಭಾವತಿ ಎಂಬ ಕನ್ನಡದ ಹೆಂಗಸು ಎರಡು ಮಕ್ಕಳೊಂದಿಗೆ ನಾಪತ್ತೆ. ಉಗಾಂಡಾದಿಂದ ಹೊರದಬ್ಬಿಸಿಕೊಂಡ ಸಂಸಾರ. ಗಂಡ ಶರಣಪ್ಪ ನದಿಯಾಚೆ, ಕೆನಡಾದ ವಿಂಡ್ಸರ್‌ನಲ್ಲಿದ್ದ. ಅವನನ್ನು ಸೇರಲು ಬಂದವಳನ್ನು ಕಾಗದ ಸರಿಯಿಲ್ಲವೆಂದು ಮೂರು ವಾರದ ಹಿಂದೆ ತಡೆದು, ಶನಿವಾರದ ವಿಮಾನದಲ್ಲಿ ಬೊಂಬಾಯಿಗೆ ಸಾಗಹಾಕುವುದೆಂದು ತೀರ್ಮಾನವಾಗಿತ್ತು.

ಒಂಬತ್ತಕ್ಕೆ ಇನ್‌ಸ್ಪೆಕ್ಟರ್ ರುಡ್ನಿಕ್ ಕೋಣೆಯ ಪಂಚನಾಮೆ ಮಾಡಿದ. ಬೀಗ ಒಡೆದಿರಲಿಲ್ಲ. ಕಾವಲುಗಾರ ತಿಂಡಿಗೆಂದು ಹೋದ ಅರ್ಧ ಗಂಟೆಯಲ್ಲಿ ಮೂವರೂ ಮಾಯ. ಸಿಕ್ಕಿದ್ದು ಒಂದು ಸ್ಟೀಲ್ ಡಬ್ಬಿ, ಒಳಗೆ ಅರ್ಧ ತಿಂದ ಮೊಸರನ್ನ. ತಳದಲ್ಲಿ ಸಣ್ಣ ಚುಕ್ಕೆಗಳಿಂದ ಕೊರೆದ ಗುರುತು. ಅದನ್ನು ರುಡ್ನಿಕ್ ನೋಟ್‌ಬುಕ್ಕಿನಲ್ಲಿ ಶ್ರದ್ಧೆಯಿಂದ ಬಿಡಿಸಿಕೊಂಡ.

ಠಾಣೆಗೆ ಗೊತ್ತಿದ್ದ ಕನ್ನಡಿಗ ಒಬ್ಬನೇ, ಕಾರು ಕಾರ್ಖಾನೆಯ ಎಂಜಿನಿಯರ್ ಮನೋಹರ್. ಪ್ರಭಾವತಿಯ ವಿಚಾರಣೆಗೆ ದುಭಾಷಿಯಾಗಿದ್ದವನು. ಅಂದು ರಜೆ ಹಾಕಿ ಮನೆಯಲ್ಲೇ ಇದ್ದ. ರುಡ್ನಿಕ್ ಅಲ್ಲಿಗೇ ಹೋಗಿ ನೋಟ್‌ಬುಕ್ಕು ತೆರೆದು ತೋರಿಸಿದ.

“ಇದೇನು?”

“ಕಂಪನಿ ಮಾರ್ಕು,” ಎಂದ ಮನೋಹರ್, ಕಣ್ಣು ಮಿಟುಕಿಸದೆ.

“ಎಲ್ಲಿಯ ಕಂಪನಿ?”

“ಬೆಂಗಳೂರಿನದು.”

ಅಷ್ಟರಲ್ಲಿ ಅವನ ಹೆಂಡತಿ ವತ್ಸಲಾ ಕಾಫಿ ತಂದಳು. ಬಂದವನು ಪೊಲೀಸನಾದರೂ ಹಾಗೇ ಕಳಿಸುವ ಮನೆಯಲ್ಲ ಅದು. ರುಡ್ನಿಕ್ ಕುಡಿದು ಮುಗಿಸಿ ಲೋಟವನ್ನು ತಿರುವಿ ನೋಡಿದ. ಅದೇ ಚುಕ್ಕೆಗಳು. ಎದ್ದು ಅಡುಗೆಮನೆಗೆ ನಡೆದ. ತಟ್ಟೆ, ಸಕ್ಕರೆ ಡಬ್ಬಿ, ಎಲ್ಲದರ ಮೇಲೂ ಅದೇ. ಮದುವೆಯಲ್ಲಿ ಕೊಟ್ಟ ಪಾತ್ರೆಗಳ ಮೇಲೆ ಮಗಳ ಹೆಸರು ಕೊರೆಸುವ ನಮ್ಮವರ ಅಭ್ಯಾಸ ಆ ಮನುಷ್ಯನಿಗೇನು ಗೊತ್ತು? ಆದರೆ ಅವನಿಗೆ ಕಣ್ಣಿತ್ತು.

“ಈ ಕಂಪನಿ ನಿಮಗೊಬ್ಬರಿಗೇ ಮಾರುತ್ತದೆಯೇ?”

ಮನೋಹರ್ ಬಾಯಿ ತೆರೆಯುವ ಮೊದಲೇ ವತ್ಸಲಾ ತಡೆದಳು. “ಸಾಕು ಸುಮ್ನಿರಿ. ಅದು ನನ್ನ ಹೆಸರು. ನಾನು ಕನ್ನಡದಲ್ಲೇ ಹೇಳ್ತೀನಿ, ನೀವು ಒಂದಕ್ಷರ ಬಿಡದೆ ಟ್ರಾನ್ಸ್‌ಲೇಟ್ ಮಾಡಿ.”

ಇಂಗ್ಲಿಷ್ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ಮೂರು ವಾರ ಇಂಗ್ಲಿಷಿನಲ್ಲಿ ಬೇಡಿಕೊಂಡು ರೋಸಿಹೋಗಿದ್ದಳು, ಅಷ್ಟೆ.

“ಕರ್ಕೊಂಡು ಹೋದವಳು ನಾನೇ. ನಾನೇ ಡ್ರೈವ್ ಮಾಡ್ದೆ. ನದಿ ಕೆಳಗಿನ ಟನಲ್ ದಾಟಿಸಿ ಅವರ ಯಜಮಾನರಿಗೆ ಒಪ್ಪಿಸಿ ಬಂದೆ. ಅಲ್ಲಿ ಲಾಯರ್ ಕಾಯ್ತಿದ್ರು, ಅಲ್ಲೇ ಇರೋಕೆ ಅಪ್ಲೈ ಮಾಡಿಯಾಯ್ತು. ಇನ್ನು ನಿಮ್ಮ ಕೈಗೆ ಸಿಗಲ್ಲ ಅವರು.”

ಮನೋಹರ್ ಮೊದಮೊದಲು ಮೆಲ್ಲಗೆ ಅನುವಾದಿಸಿದ. ಕೊನೆಯ ಮಾತನ್ನು ಮಾತ್ರ ಅವನು ಎರಡು ಸಲ, ಜೋರಾಗಿ ಹೇಳಿದ.

ಹನ್ನೆರಡು ಇಪ್ಪತ್ತಕ್ಕೆ ವತ್ಸಲಾಳ ದಸ್ತಗಿರಿ. ಬೇರೆ ಯಾರೂ ಸಿಗದೆ, ಠಾಣೆಯಲ್ಲೂ ಗಂಡನೇ ದುಭಾಷಿ.

“ಕಾರಣ?”

ಐದು ಕಚೇರಿ ಅಲೆದಿದ್ದಳು. ಎಲ್ಲರೂ ಇದು ನಮ್ಮ ಕೆಲಸವಲ್ಲ ಎಂದಿದ್ದರು. ಗುರುವಾರ ಒಬ್ಬ ಅಧಿಕಾರಿ, ಬೇಕಾದರೆ ಮಕ್ಕಳನ್ನು ಅಪ್ಪನಿಗೆ ಕೊಡೋಣ, ತಾಯಿ ಮಾತ್ರ ವಿಮಾನ ಹತ್ತಲಿ ಎಂದಿದ್ದ. ಕಿರಿಯದು ಇನ್ನೂ ಎದೆಹಾಲು ಕುಡಿಯುತ್ತಿತ್ತು. ರುಡ್ನಿಕ್ ಅದನ್ನೂ ಬರೆದುಕೊಂಡ.

“ಪಶ್ಚಾತ್ತಾಪ ಇದೆಯೇ?”

“ಇದೆ ಅಂತಲೇ ಬರ್ಕೊಳ್ಳಿ. ಮೂರು ವಾರ ನಿಮ್ಮ ಬಾಗಿಲು ಕಾದೆ. ಮೊದಲನೇ ದಿನಾನೇ ಕರ್ಕೊಂಡು ಹೋಗ್ಬೇಕಿತ್ತು.”