ತೊಂಬತ್ತೇಳು ಅಂಕದ ಈರಣ್ಣ

ಮೌಲ್ಯದರ್ಶಕ ಯಂತ್ರದ ತಟ್ಟೆಯ ಮೇಲೆ ಅಂಗೈ ಇಟ್ಟರೆ ಸಾಕು, ಮನುಷ್ಯ ಯಾವುದಕ್ಕೆ ಎಷ್ಟು ಬೆಲೆ ಕೊಡುತ್ತಾನೆಂದು ಅದು ಅಂಕಗಳಲ್ಲಿ ಹೇಳುತ್ತಿತ್ತು. ಹುಬ್ಬಳ್ಳಿಯ ಆ ತಂತ್ರಾಂಶ ಕಂಪನಿಯಲ್ಲಿ ಹುದ್ದೆಗಳೆಲ್ಲ ಅದರ ಮಾತಿನಂತೆಯೇ. ಹೊಸತನ ಮೆಚ್ಚುವವರು ಕೋಡ್ ಬರೆಯುತ್ತಿದ್ದರು. ಸುರಕ್ಷತೆಯ ಅಂಕ ಕಡಿಮೆಯಿದ್ದು ಅಳುಕದೆ ಮುನ್ನುಗ್ಗುವವರು ಮುಖ್ಯಸ್ಥರಾಗುತ್ತಿದ್ದರು. ಸುರಕ್ಷತೆಯಲ್ಲಿ ನೂರಕ್ಕೆ ತೊಂಬತ್ತೇಳು ಅಂಕ ಪಡೆದ ಈರಣ್ಣ ಗಾಣಿಗೇರ, ತಂತ್ರಾಂಶದ ದೋಷ ಹುಡುಕುವ ಪರೀಕ್ಷಕನಾದ. ಅವನಿಗೂ ಆ ಕೆಲಸವೇ ಇಷ್ಟವಾಗಿತ್ತು.

ಎಡವಟ್ಟಾದದ್ದು ಆ ಅಂಕದಿಂದಲೇ. ದಿನಾ ಬೆಳಿಗ್ಗೆ ತಂಡದ ಆರು ಜನ ವೃತ್ತವಾಗಿ ನಿಂತು, ಮಾಡಿದ್ದು, ಮಾಡುವುದು, ಕೆಲಸಕ್ಕಿರುವ ತಡೆ ಇವಿಷ್ಟನ್ನು ಹೇಳಬೇಕು. ತಂಡ ಬರೆದ ಡಯಾಲಿಸಿಸ್ ಯಂತ್ರದ ತಂತ್ರಾಂಶದಲ್ಲಿ ದೋಷವಿದೆಯೆಂದು ಈರಣ್ಣ ಮೂರು ದಿನ ಹೇಳಿದ. ತಂಡದ ಮುಖ್ಯಸ್ಥೆ ಶಾಂಭವಿ ಬೆಳವಡಿ ನಕ್ಕಳು.

"ನಿಮ್ದು ತೊಂಬತ್ತೇಳಲ್ರಿ ಈರಣ್ಣ, ಹಂಗ ಅನಸ್ತದ ಬಿಡ್ರಿ."

ಸ್ವಭಾವವೇ ಅಂಕಿಯಲ್ಲಿ ಸಿಕ್ಕ ಮೇಲೆ ಮನುಷ್ಯನ ಮಾತು ಯಾರಿಗೆ ಬೇಕು? ತಂತ್ರಾಂಶ ಆಸ್ಪತ್ರೆಗೆ ಹೋಯಿತು. ಹತ್ತನೆಯ ದಿನ ಗೌರವ್ವ ಎಂಬ ರೋಗಿ ಅದೇ ದೋಷದಿಂದ ತೀರಿಕೊಂಡಳು.

ಅಂದಿನಿಂದ ಈರಣ್ಣ ಹೇಳುವುದು ಒಂದೇ ಮಾತು: "ತಡೆ ಏನೂ ಇಲ್ರಿ." ಆ ತಣ್ಣನೆಯ ದನಿ ಕೇಳಿದರೆ ಶಾಂಭವಿಗೆ ಹೆದರಿಕೆಯಾಗುತ್ತಿತ್ತು.

ತಿದ್ದಿದ ತಂತ್ರಾಂಶ ಹೊರಡುವ ದಿನ ಬಂತು. ನಲವತ್ತು ರೋಗಿಗಳು ಅದಕ್ಕಾಗಿ ಕಾಯುತ್ತಿದ್ದರು. ಅದು ನಿಜವಾಗಿ ಸರಿಯಾಗಿದೆಯೇ? ಹೇಳಬಲ್ಲವನು ಈರಣ್ಣನೊಬ್ಬನೇ. ಶಾಂಭವಿ ಕೈ ಮುಗಿದು ಕೇಳಿದಳು.

"ಸತ್ತ ಗೌರವ್ವನೂ ದಿನಾ ಬಂದು ನನ್ನ ಇದನ್ನ ಕೇಳ್ತಾಳ್ರಿ," ಎಂದ ಈರಣ್ಣ. "ಆಕಿಗೂ ತಡೆ ಏನೂ ಇಲ್ಲ ಅಂತನ ಹೇಳ್ತೀನಿ."

ದಿಗಿಲಾಗಿ ಅವಳು, ಈರಣ್ಣನಿಗೆ ಏನಾಗಿದೆಯೆಂದು ತಿಳಿಯಲು, ಮೌಲ್ಯದರ್ಶಕ ಯಂತ್ರ ಕಂಡುಹಿಡಿದ ಡಾ. ವಾಮನ ಕಟ್ಟಿಯವರನ್ನು ಕರೆಸಿದಳು. ಅವರು ತಂಡದವರ ಅಂಗೈಗಳನ್ನು ಮತ್ತೆ ಅಳೆದರು. ಈರಣ್ಣನ ಸುರಕ್ಷತೆ ನಾಲ್ಕಕ್ಕೆ ಇಳಿದಿತ್ತು. ಶಾಂಭವಿಯದು ತೊಂಬತ್ತೆಂಟು.

"ಯಂತ್ರ ಕೆಟ್ಟದ ಏನ್ರಿ ಸರ್?"

"ಇಲ್ಲವ್ವ, ಮನುಷ್ಯರು ಬದಲಾಗ್ಯಾರ. ಅಂಕ ನೋಡಿ ಮಾತು ಕೇಳೂದ ಬಿಡ್ತೀರಿ ಅಂತ ನನಗ ಹೊಳೀಲೇ ಇಲ್ಲ." ಕಟ್ಟಿಯವರು ತಲೆ ತಗ್ಗಿಸಿದರು. ನಿಯಮದಂತೆ ಹುದ್ದೆಗಳು ಆ ಕ್ಷಣವೇ ಬದಲಾದವು. ಅಳುಕಿಲ್ಲದ ಈರಣ್ಣ ಮುಖ್ಯಸ್ಥನಾದ, ಶಾಂಭವಿ ಪರೀಕ್ಷಕಿಯಾದಳು.

"ಒಂದು ದಿನ ತಡೀರಿ, ನಾ ಪೂರ್ತಿ ನೋಡ್ತೀನಿ. ನನಗ ಭಾಳ ಹೆದರಿಕಿ ಆಗಲಿಕ್ಕತ್ತದ!" ಎಂದು ಅವಳು ಕೂಗಿದಳು.

ಯಾರೂ ಅವಳ ಮುಖ ನೋಡಲಿಲ್ಲ. ಪರದೆಯ ಮೇಲಿದ್ದ ಅವಳ ಅಂಕ ನೋಡಿ ಎಲ್ಲರೂ ಮುಗುಳ್ನಕ್ಕರು. ಈರಣ್ಣ ಒಪ್ಪಿಗೆಯ ಗುಂಡಿ ಒತ್ತಿದ.