ಹೊನ್ನೂರಿನ ಹೆಡ್‌ಲೈಟಿನಿಂದ ಕಾಣೆಯಾದ ಬೆಳ್ಳಿ

ಚೈತ್ರ ಅಳಲಿಲ್ಲ. ಅತ್ತಿದ್ದರೆ ಮಾದೇವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಕೊಳ್ಳೇಗಾಲದ ಆ ಹಳೆಯ ಫೋಟೋ ಸ್ಟುಡಿಯೋದೊಳಕ್ಕೆ ಬಂದವಳೇ, ಬಟ್ಟೆಯಲ್ಲಿ ಸುತ್ತಿದ್ದ ಹೆಡ್‌ಲೈಟನ್ನು ಮೇಜಿನ ಮೇಲಿಟ್ಟು, "ನಾನು ಕಳ್ಳಿ ಅಂತೆ ಸಾ. ಇದನ್ನ ನೋಡಿ ನೀವೇ ಏಳಿ" ಎಂದಳು.

ಸ್ಟುಡಿಯೋ ಮುಚ್ಚಿ ವರ್ಷಗಳಾಗಿದ್ದರೂ ಮಲ್ಲಿಕಾರ್ಜುನಸ್ವಾಮಿಗಳ ಬಾಗಿಲಿಗೆ ಜನ ತಪ್ಪಿರಲಿಲ್ಲ. ಮೊದಲು ಫೋಟೋ ತೆಗೆಸಿಕೊಳ್ಳಲು ಬರುತ್ತಿದ್ದವರು ಈಗ ಕಳೆದುಹೋದ ಹಸು, ಕಾಣೆಯಾದ ಸರ ಎಂದು ಬರುತ್ತಿದ್ದರು. ಸ್ವಾಮಿಗಳನ್ನು ಆಟೋದಲ್ಲಿ ಕೂರಿಸಿಕೊಂಡು ಊರೂರು ಸುತ್ತುವವನು ಮಾದೇವ. ಪತ್ತೇದಾರಿಕೆಯಲ್ಲಿ ಅರ್ಧ ಪಾಲು ತನ್ನದೆಂದೇ ಅವನ ನಂಬಿಕೆ. ಸ್ವಾಮಿಗಳೂ ಪಾಪ ಅದನ್ನು ಅಲ್ಲಗಳೆದಿರಲಿಲ್ಲ.

ಚೈತ್ರ ಹಳೇ ಬೈಕುಗಳ ರಿಫ್ಲೆಕ್ಟರುಗಳಿಗೆ, ಅಂದರೆ ಬಲ್ಬಿನ ಹಿಂದೆ ಹೊಳೆಯುವ ಬಟ್ಟಲುಗಳಿಗೆ, ಮತ್ತೆ ಬೆಳ್ಳಿ ಹಿಡಿಸುವವಳು. ಹೊನ್ನೂರಿನ ಪುಟ್ಟಬಸಪ್ಪ ತೀರಿಹೋದ ತಂದೆಯ ಬುಲೆಟ್ಟನ್ನು ರಿಪೇರಿ ಮಾಡಿಸುವಾಗ ಅದರ ರಿಫ್ಲೆಕ್ಟರನ್ನು ಇವಳಿಗೆ ಕೊಟ್ಟಿದ್ದ. ಬೆಳ್ಳಿಯಾಗಿ ಹೋದದ್ದು ಕೆಲವೇ ತಿಂಗಳಲ್ಲಿ ಹಳದಿ ಹಿತ್ತಾಳೆಯಾಗಿತ್ತು. ದೀಪದ ಕೋನ ಸರಿಮಾಡುವ ನೆಪದಲ್ಲಿ ಮನೆಗೆ ಬಂದವಳು ಬೆಳ್ಳಿಯ ಬಟ್ಟಲನ್ನು ಬದಲಾಯಿಸಿಕೊಂಡು ಹೋದಳೆಂದು ಪುಟ್ಟಬಸಪ್ಪ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಮುಂದೆ ನಿಂತು ಸಾರಿ, ಬಿಚ್ಚಿ ತಂದಿದ್ದ ದೀಪವನ್ನು ಅವಳ ಕೈಗೇ ತುರುಕಿ ಹೋಗಿದ್ದ.

"ಕೆಲ್ಸಕ್ಕೆ ಕೊಟ್ಟಿದ್ದ ಬ್ಯಾರೆಯೋರೂ ದೀಪ ವಾಪಸ್ ತಕಂಡೋದ್ರು ಸಾ. ಇನ್ಮ್ಯಾಲೆ ನನ್ನ ಕೈಗೆ ಯಾರೂ ಏನೂ ಕೊಡಕಿಲ್ಲ."

ಸ್ವಾಮಿಗಳು ಬಟ್ಟಲನ್ನು ಬಿಚ್ಚಿಸಿಕೊಂಡು ಕಿಟಕಿಯ ಬಳಿಗೆ ಒಯ್ದರು. ಬಿಸಿಲಿಗೆ ಹಿಡಿದು ತಿರುಗಿಸಿದಾಗ ಗೋಡೆಯ ಮೇಲೆ ಒಂದು ಹಳದಿ ಮಚ್ಚೆ ಮೆಲ್ಲಗೆ ಈಜಾಡಿತು. ಬಟ್ಟಲಿನ ಹೊಟ್ಟೆಯೆಲ್ಲ ಹಳದಿ. ಆದರೆ ಕ್ಲಿಪ್ಪು ಒತ್ತಿ ಹಿಡಿಯುವ ಅಂಚಿನಲ್ಲಿ ಮಾತ್ರ ಬೆಳ್ಳಿಯ ಸಣ್ಣ ಗೆರೆಯೊಂದು ಉಳಿದಿತ್ತು. ಒಳಗೆಲ್ಲ ಸುತ್ತು ಸುತ್ತಾಗಿ ಉಜ್ಜಿದ ಗುರುತು.

"ನೀನು ಹೇಗಮ್ಮ ಉಜ್ಜೋದು?"

"ಅತ್ತೀಲಿ ದೀಪದ ಕಾಡಿಗೆ ತಕಂಡು, ನಡುವಿಂದ ಅಂಚಿಗೆ. ಸುತ್ತ ಉಜ್ಜುದ್ರೆ ಬೆಳಕು ಕೆಡ್ತದೆ."

ಅಂಚಿನ ಸಂದಿಯಲ್ಲಿ ಬಿಳಿ ಪುಡಿ ಕೂತಿತ್ತು. ಸ್ವಾಮಿಗಳು ಅದನ್ನು ಬೆರಳಿನಿಂದ ತೆಗೆದು ಮೂಸಿ ನೋಡಿದರು.

"ಮೊದಲ್ನೇ ಸಲ ನನ್ನತ್ರ ಬಂದಾಗ್ಲೂ ಇಂಗೇ ಅಳದಿ ಇತ್ತು ಸಾ, ಇದೇ ಪುಡಿನೂ ಇತ್ತು" ಎಂದಳು ಚೈತ್ರ. "ರಸ್ತೆ ಧೂಳು ಅಂತ ತೊಳ್ದ್ಬುಟ್ಟೆ."

ಸ್ವಾಮಿಗಳು ಚಪ್ಪಲಿ ಮೆಟ್ಟಿಕೊಂಡರು.

ಮೊದಲು ಹೋದದ್ದು ಹನೂರಿಗೆ. ಅಲ್ಲಿನ ಶಂಕರ್ ಹಳೇ ಬೈಕುಗಳನ್ನು ಕೂಡಿಡುವ ಆಸಾಮಿ. ಆ ಬುಲೆಟ್ಟಿನ ಮೇಲೆ ಕಣ್ಣಿಟ್ಟಿದ್ದವನು, ರಿಪೇರಿಯಾದ ಮೇಲೆ ಒಮ್ಮೆ ಅದನ್ನು ಕೇಳಿ ಪಡೆದು ಪಾಲಾರ್‌ವರೆಗೆ ಓಡಿಸಿಕೊಂಡು ಬಂದಿದ್ದ. ದಾರಿಯಲ್ಲೇ ಮಾದೇವ ಅವನನ್ನು ಮನಸ್ಸಿನಲ್ಲಿ ಜೈಲಿಗೆ ಕಳಿಸಿ, ಜಾಮೀನನ್ನೂ ನಿರಾಕರಿಸಿಯಾಗಿತ್ತು.

"ದೀಪ ಕದ್ದು ಏನ್ ಮಾಡ್ಲಿ ಸಾ? ಗಾಡಿನೇ ಕೇಳ್ದೆ, ಕೊಡ್ನಿಲ್ಲ" ಎಂದು ಶಂಕರ್ ನಕ್ಕ. ಅವನ ಕೊಟ್ಟಿಗೆಯಲ್ಲಿ ಪಾಲಿಶ್ ಡಬ್ಬಿಯ ಘಾಟು ಮೂಗಿಗೆ ಬಡಿಯುತ್ತಿತ್ತು. ಅವನು ಉಜ್ಜಿಟ್ಟಿದ್ದ ಬಿಡಿಭಾಗಗಳಿಗೆಲ್ಲ ಅದೇ ವಾಸನೆ. ಸ್ವಾಮಿಗಳು ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಮುಚ್ಚಿ, ಹೊರಟುಬಿಟ್ಟರು. ಮಾದೇವನಿಗೆ ನಿರಾಸೆಯಾಯಿತು.

ಯಳಂದೂರು ದಾಟಿ ಹೊನ್ನೂರಿನ ಕಡೆ ತಿರುಗಿದಾಗ ಗದ್ದೆಗಳಲ್ಲಿ ನೀರು ನಿಂತು ಆಕಾಶವೇ ಕೆಳಗಿಳಿದಂತಿತ್ತು. ಆಟೋ ಓಡುತ್ತಿದೆಯೋ ತೇಲುತ್ತಿದೆಯೋ ಎಂದು ಮಾದೇವನಿಗೇ ಅನುಮಾನ ಬಂತು. ಪುಟ್ಟಬಸಪ್ಪ ಮನೆಯಲ್ಲಿರಲಿಲ್ಲ. ಅವನ ತಾಯಿ ನೀಲಮ್ಮ ಲೋಟಗಳಲ್ಲಿ ಮಜ್ಜಿಗೆ ತಂದುಕೊಟ್ಟರು. ಮಾದೇವನ ಲೋಟದ ಮೇಲೆ ಮೂರು ಬೆರಳಿನ ಬಿಳಿ ಗುರುತು ಮೂಡಿತ್ತು. ಅವರ ಕೊರಳಲ್ಲಿ ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆ ಫಳಫಳ ಹೊಳೆಯುತ್ತಿತ್ತು, ಮೇಲಿನ ಹೂವಿನ ಕೆತ್ತನೆ ಮಾತ್ರ ಸವೆದು ನುಣ್ಣಗಾಗಿತ್ತು.

"ಯಜಮಾನರು ಗಾಡಿ ಚೆನ್ನಾಗಿ ನೋಡ್ಕೊಳ್ತಿದ್ರಾ ತಾಯಿ?"

"ಊಂ ಕಣಪ್ಪ. ಸೋಮಾರ ಪೂಜೆ ಆದ್ಮ್ಯಾಲೆ ದೀಪ ಬಿಚ್ಕಂಡು ಕೂತ್ಕಳೋರು. ಅವ್ರು ಬತ್ತಾವ್ರೆ ಅಂತ ಕೆರೆ ಏರಿ ಮ್ಯಾಲೇ ಗೊತ್ತಾಗೋದು, ಆ ಬೆಳಕ ನೋಡಿ ನಾನು ಎಸರಿಗಿಡ್ತಿದ್ದೆ. ರಿಪೇರಿ ಆಗ್ಬಂದ್ಮ್ಯಾಲೆ ಬೆಳಕು ಬೆಳ್ಳಗಾಗಿ ಬೇರೆ ಯಾರೋ ಬಂದಂಗೆ ಆಗೋದು."

ಮಾದೇವ ಇದನ್ನೆಲ್ಲ ಕೇಳಿಸಿಕೊಂಡ, ಆದರೆ ಅವನ ಗಮನ ಮಜ್ಜಿಗೆಯಲ್ಲಿದ್ದ ಇಂಗಿನ ಮೇಲಿತ್ತು.

ಮರುದಿನ ಹೊತ್ತು ಮುಳುಗುವ ವೇಳೆಗೆ ಸ್ವಾಮಿಗಳು ಹೇಳಿಕಳಿಸಿದಂತೆ ಎಲ್ಲರೂ ಆ ಮನೆಯ ಅಂಗಳದಲ್ಲಿ ಸೇರಿದರು. ಬುಲೆಟ್ಟು ತೆಂಗಿನ ಮರದ ಕೆಳಗೆ ಒಕ್ಕಣ್ಣು ಕಿತ್ತುಕೊಂಡು ನಿಂತಿತ್ತು. ಪುಟ್ಟಬಸಪ್ಪ ಮುಖ ಊದಿಸಿಕೊಂಡಿದ್ದ, ಶಂಕರ್ ಜಗಲಿಯ ಅಂಚಿನಲ್ಲಿ, ನೀಲಮ್ಮ ಹೊಸಿಲಿನ ಮೇಲೆ. ಚೈತ್ರ ಮಾತ್ರ ಕೂರಲಿಲ್ಲ.

"ಬಟ್ಟಲು ಬದಲಾಗಿಲ್ಲ ಪುಟ್ಟಬಸಪ್ಪ" ಎಂದರು ಸ್ವಾಮಿಗಳು. "ಇದು ಹಿತ್ತಾಳೆ ಬಟ್ಟಲು, ಮೇಲೆ ಬೆಳ್ಳಿಯ ತೆಳು ಪದರ. ಕ್ಲಿಪ್ಪಿನ ಕೆಳಗೆ, ಬೆರಳು ಹೋಗದ ಕಡೆ, ಚೈತ್ರ ಹಿಡಿಸಿದ ಬೆಳ್ಳಿ ಹಾಗೇ ಇದೆ. ಬೇರೆ ಬಟ್ಟಲಾಗಿದ್ರೆ ಆ ಗೆರೆ ಎಲ್ಲಿಂದ ಬರುತ್ತೆ? ಬೆಳ್ಳಿ ಸವೆದಿದೆ, ಯಾರೂ ಕದ್ದಿಲ್ಲ."

"ಸವ್ಸಿದ್ದು ಯಾರು ಮತ್ತೆ?"

"ಸುತ್ತು ಸುತ್ತಾಗಿ ಉಜ್ಜಿದ್ದಾರೆ. ಚೈತ್ರ ಹಾಗೆ ಉಜ್ಜೋಳಲ್ಲ, ಅವಳದು ಕರಿ ಕಾಡಿಗೆ. ಸಂದಿಯಲ್ಲಿರೋದು ಬಿಳಿ ಪುಡಿ. ಶಂಕರ್ ಪಾಲಿಶ್ ಹಾಕಿದ್ರೆ ಘಾಟು ಇರೋದು, ಈ ಪುಡಿಗೆ ವಾಸನೆಯೇ ಇಲ್ಲ. ಇದು ವಿಭೂತಿ. ಮೊದಲ ಸಲ ಬಂದಾಗಲೂ ಇತ್ತು ಅಂದ್ರೆ, ಈ ಮನೇಲಿ ಇದು ಹಳೇ ಪದ್ಧತಿ. ವಿಭೂತಿ ಹಚ್ಚಿ ಕರಡಿಗೆ ಬೆಳಗೋ ಹಾಗೆ ಯಜಮಾನರು ಸೋಮವಾರ ಸೋಮವಾರ ದೀಪನೂ ಬೆಳಗ್ತಿದ್ರು. ಈಗ ಅವರಿಲ್ಲ. ಆದರೂ ಪದ್ಧತಿ ನಿಂತಿಲ್ಲ."

ಅವರು ಯಾರ ಹೆಸರನ್ನೂ ಹೇಳಲಿಲ್ಲ, ಯಾರ ಕಡೆಗೂ ನೋಡಲಿಲ್ಲ. ಮಾದೇವನಿಗೆ ಲೋಟದ ಮೇಲಿನ ಬಿಳಿ ಬೆರಳ ಗುರುತುಗಳು ಆಗ ನೆನಪಾದವು.

"ನಾನೇ ಕಣಪ್ಪ" ಎಂದರು ನೀಲಮ್ಮ. "ಬೆಳ್ಳಿ ತೆಗೀಬೇಕು ಅಂತ ಅಲ್ಲ. ಅವ್ರು ಮಾಡ್ದಂಗೆ ಮಾಡುದ್ರೆ ಅವ್ರ ಬೆಳಕು ಬತ್ತದೇನೋ ಅಂತ ದಿನಾ ಉಜ್ಜುದೆ. ಈ ಮಗಿನ ಮ್ಯಾಲೆ ಅಪವಾದ ಬಂದದೆ ಅಂತ ನಂಗೆ ಯಾರೂ ಏಳ್ನಿಲ್ಲ."

ಪುಟ್ಟಬಸಪ್ಪನ ಮುಖದ ಊತ ಇಳಿದುಹೋಯಿತು. "ತಪ್ಪಾಯ್ತು ತಾಯಿ" ಎಂದು ಚೈತ್ರಳಿಗೆ ಕೈಮುಗಿದ.

"ಇಲ್ಲಿ ಬ್ಯಾಡ ಅಣ್ಣ. ಎಲ್ಲಿ ನಿಂತ್ಕಂಡು ಕಳ್ಳಿ ಅಂದ್ರೋ ಅಲ್ಲೇ ನಿಂತ್ಕಂಡು ಏಳಿ."

"ನಾಳೆ ಬೆಳಿಗ್ಗೆನೇ ಬತ್ತೀನಿ. ಆ ಟೀ ಅಂಗಡಿ ಮುಂದೇನೇ ಏಳ್ತೀನಿ. ಇದುಕ್ಕೆ ಇನ್ನೊಂದ್ಸಲ ಬೆಳ್ಳಿ ಹಿಡ್ಸ್ಕೊಡು."

ಚೈತ್ರ ನೀಲಮ್ಮನ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತಳು. "ಬಂತಾ ಅವ್ವ, ಅವ್ರ ಬೆಳಕು?"

"ನೋಡ್ನಿಲ್ಲ. ಅಳದಿ ಆಗೋ ಅಷ್ಟರಲ್ಲಿ ಇವ್ನು ಬಿಚ್ಕಂಡೋದ."

ಚೈತ್ರ ಎದ್ದು ಹಳದಿ ಬಟ್ಟಲನ್ನು ಇದ್ದ ಹಾಗೆಯೇ ಬುಲೆಟ್ಟಿಗೆ ಕೂರಿಸಿದಳು. ಪುಟ್ಟಬಸಪ್ಪ ಗಾಡಿಯನ್ನು ಕೆರೆ ಏರಿಗೆ ಓಡಿಸಿಕೊಂಡು ಹೋಗಿ ಅಲ್ಲಿಂದ ದೀಪ ಹಾಕಿಕೊಂಡು ಮನೆಯ ಕಡೆ ತಿರುಗಿದ. ಮಬ್ಬು ಕವಿದ ಗದ್ದೆಯ ನೀರಿನ ಮೇಲೆ ಅರಿಶಿನದಂಥ ಬೆಳಕೊಂದು ಮೆಲ್ಲಗೆ ಬರತೊಡಗಿತು. ಸ್ವಾಮಿಗಳು ಕನ್ನಡಕ ತೆಗೆದು ಒರೆಸಿಕೊಂಡರು.

ನೀಲಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

"ಎಸರಿಗಿಡ್ತೀನಿ" ಎಂದರು. "ಎಲ್ಲಾರೂ ಉಂಡ್ಕಂಡೇ ಓಗ್ಬೇಕು."